ಹಿತ್ತಲ ಬಾಗಿಲು ಹಾಕುತ್ತಿದ್ದ ಹೀರಾಬಾಯಿ

ಹೀರಾಬಾಯಿ ತೀರಿಕೊಂಡ ಸುದ್ದಿ ನಮ್ಮ ಭಾಗದ ವಾಟ್ಸಾಪ್ ಗುಂಪಿಗೆ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಮಧ್ಯಾಹ್ನದೊಳಗೆ ಕೈಮುಗಿದ ಚಿತ್ರ ಹಾಕಿದವರು ಎಂಬತ್ತಾರು ಜನ. ನಾನು ಬೆರಳಿಟ್ಟು ಎಣಿಸಿದೆ. ಐದು ತಿಂಗಳ ಹಿಂದೆ ಅದೇ ಗುಂಪಿನಲ್ಲಿ, ಅವರಲ್ಲೇ ಬಹಳ ಜನ, "ಬಬಲೇಶ್ವರ ಬಸ್ ಸ್ಟ್ಯಾಂಡಿನ ಹತ್ತಿರ ಆ ಹೆಂಗಸಿನ ಅಂಗಡಿಗೆ ನಿಮ್ಮ ಫೋನು ಕೊಡಬೇಡಿ" ಎಂಬ ಬರಹವನ್ನು ಅಲ್ಲಿಂದಿಲ್ಲಿಗೆ ಕಳಿಸಿದ್ದರು. ಅದನ್ನು ಯಾರೂ ಅಳಿಸಿಲ್ಲ. ಪರದೆಯನ್ನು ಮೇಲಕ್ಕೆ ಸರಿಸುತ್ತ ಹೋದರೆ ಈಗಲೂ ಸಿಗುತ್ತದೆ.

ಅಳುವುದನ್ನು ನಾನು ಮನೆಯಲ್ಲಿ ಮಾಡುತ್ತೇನೆ. ಅವಳು ಏನು ಕೆಲಸ ಮಾಡುತ್ತಿದ್ದಳು, ಅವಳಿಗೆ ಏನು ಮಾಡಿದರು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಹೀರಾಬಾಯಿಯ ಅಪ್ಪ ವಿಜಯಪುರದಲ್ಲಿ ಗಡಿಯಾರ ಮತ್ತು ರೇಡಿಯೋ ರಿಪೇರಿ ಮಾಡುತ್ತಿದ್ದರು. ಗಂಡುಮಕ್ಕಳಿರಲಿಲ್ಲ ಎಂದು ಮಗಳಿಗೆ ಕಲಿಸಿದರು ಎಂದು ಜನ ಹೇಳುತ್ತಾರೆ. ಅದು ಸುಳ್ಳು. ಇಬ್ಬರು ಗಂಡುಮಕ್ಕಳಿದ್ದರು, ಇಬ್ಬರಿಗೂ ಕೈ ನಡುಗುತ್ತಿತ್ತು. ಇವಳ ಕೈ ನಡುಗುತ್ತಿರಲಿಲ್ಲ, ಅದಕ್ಕೆ ಕಲಿಸಿದರು. ಮದುವೆಯಾಗಿ ಬಬಲೇಶ್ವರಕ್ಕೆ ಬಂದಳು. ಗಂಡ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ, ಪಾತ್ರೆ-ಬಾಂಡೆ ಸಾಮಾನಿನ ಅಂಗಡಿಯ ಮಗ್ಗುಲಲ್ಲಿ, ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕಾದಷ್ಟು ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದಳು. ಅಪ್ಪ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಗಡಿಯಾರದ ಭೂತಗನ್ನಡಿಯನ್ನೇ ಇವಳೂ ಸಿಕ್ಕಿಸಿಕೊಳ್ಳುತ್ತಿದ್ದಳು. ಮೊದಮೊದಲು ಗಂಡಸರು ಎದುರಿನ ಚಹಾದಂಗಡಿಯಲ್ಲಿ ನಿಂತು ನೋಡುತ್ತಿದ್ದರು.

"ಏನ್ರಿ ಬಾಯಾರ, ಕುಂಕುಮದ ಭರಣಿ ಬಿಟ್ಟು ಸ್ಕ್ರೂಡ್ರೈವರ್ ಹಿಡದೀರಲ್ಲ?" ಎಂದ ಒಬ್ಬ.

"ನಿಮ್ಮ ಫೋನ್ ಒಡದಾಗ ಕುಂಕುಮಾ ಹಚ್ಚಿದ್ರ ಚಾಲೂ ಆಗ್ತದೇನ್ರಿ?" ಎಂದಳು ಇವಳು, ತಲೆ ಎತ್ತದೆ.

ನಾನು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಎಲ್ಲರಂತೆ ಅವಳೂ ನನ್ನನ್ನು ಅಕ್ಕೋರ ಎನ್ನುತ್ತಿದ್ದಳು. ಹದಿನಾಲ್ಕು ವರ್ಷದ ಗೆಳೆತನದಲ್ಲಿ ಅದು ಬದಲಾಗಲಿಲ್ಲ. ಬದಲಿಸೆಂದು ಹೇಳಿದಾಗ, "ಹೆಸರು ಹಿಡದು ಕರದ್ರ ನೀವು ನನ್ನ ಕಾಗುಣಿತ ತಿದ್ದೂದು ಬಿಡ್ತೀರಿ" ಎಂದಳು.

ನಾನು ಅವಳ ಅಂಗಡಿಗೆ ಮೊದಲು ಹೋದದ್ದು ನನ್ನ ಫೋನಿನ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತಿದ್ದುದರಿಂದ. ವಿಜಯಪುರದ ಒಂದು ದೊಡ್ಡ ಅಂಗಡಿಯಲ್ಲಿ ಬ್ಯಾಟರಿ ಬದಲಿಸಬೇಕೆಂದಿದ್ದರು. ಹೀರಾಬಾಯಿ ಫೋನು ಬಿಚ್ಚಲಿಲ್ಲ. ನನ್ನ ಕಡೆಗೇ ಹಿಡಿದು, "ಮೊದಲ ಯಾರ್‍ಯಾರು ಎಷ್ಟೆಷ್ಟು ಕುಡದಾರ ನೋಡೂಣು" ಎಂದು ಬ್ಯಾಟರಿ ಬಳಕೆಯ ಪಟ್ಟಿ ತೆಗೆಸಿದಳು. ನಾನು ತರಗತಿಯಲ್ಲಿ ಹಾಜರಿ ಕೂಗುವಂತೆ ಒಂದೊಂದೇ ಆ್ಯಪಿನ ಹೆಸರು ಕೂಗಿದಳು. ನಾನು ಒಮ್ಮೆ ಸೀರೆ ನೋಡಿ ಮರೆತುಬಿಟ್ಟಿದ್ದ ಆ್ಯಪು, ಯಾವುದೋ ಮದುವೆಯ ವಿಡಿಯೋಗೆಂದು ಹಾಕಿಸಿಕೊಂಡ ಆ್ಯಪು, ಫೋನು ಸ್ವಚ್ಛ ಮಾಡುತ್ತೇನೆಂದು ತಾನೇ ಬಂದು ಕೂತ ಇನ್ನೊಂದು. ಎಲ್ಲವೂ ನಾನು ಮುಟ್ಟದಿದ್ದಾಗಲೂ ಒಳಗೊಳಗೇ ಇಂಟರ್ನೆಟ್ಟಿಗೆ ಹೋಗಿ ಬಂದು ಮಾಡುತ್ತಿದ್ದವು. ಅದಕ್ಕೇ ಬ್ಯಾಟರಿ ಬರಿದಾಗುತ್ತಿತ್ತು.

"ನಿಮ್ಮ ಬ್ಯಾಟರಿ ಗಟ್ಟಿ ಅದರಿ ಅಕ್ಕೋರ. ಇವ್ರನ್ನ ಸಾಕಾಕತ್ತೀರಲ್ಲ, ಅದಕ್ಕ ಸೊರಗೇದ."

ಪ್ರತಿ ಆ್ಯಪಿನೊಳಗೆ ಹೋಗಿ, ಅದರ ಡೇಟಾ ಎಂಬಲ್ಲಿ, 'ಹಿನ್ನೆಲೆ ಡೇಟಾ' ಎಂಬ ಗುಂಡಿಯನ್ನು ಬಂದ್ ಮಾಡಬೇಕು. ಕೆಲಸ ಇಷ್ಟೇ. ಇದನ್ನು ಅವಳು ಮಾಡುತ್ತಿರಲಿಲ್ಲ, ನಮ್ಮ ಕೈಯಿಂದ ಮಾಡಿಸುತ್ತಿದ್ದಳು. "ಒತ್ತೂದು ನಿಮ್ಮ ಬಟ್ಟು. ನಾ ಬರೇ ತೋರಸಾಕಿ" ಎನ್ನುತ್ತಿದ್ದಳು. ಫೋನಿನ ಮುಖ ಯಾವಾಗಲೂ ಅದರ ಒಡತಿಯ ಕಡೆಗೇ ಇರಬೇಕು ಎಂಬುದು ಅವಳ ನಿಯಮ. ಬಿಚ್ಚುವ ಕೆಲಸವಿದ್ದರೂ ಒಳಗೆ ಒಯ್ಯುತ್ತಿರಲಿಲ್ಲ. ಒಯ್ಯಲು ಒಳಗೇ ಇರಲಿಲ್ಲ ಅನ್ನಿ.

ತಿಕೋಟಾದಿಂದ, ಅರಕೇರಿಯಿಂದ, ತೋಟದ ವಸ್ತಿಗಳಿಂದ ಹೆಂಗಸರು ಜೀಪು ಹತ್ತಿ ಅವಳ ಹತ್ತಿರ ಬರುತ್ತಿದ್ದುದು ಈ ನಿಯಮಕ್ಕಾಗಿ. ಬೇರೆ ಅಂಗಡಿಗಳಲ್ಲಿ ಫೋನು ಬಿಟ್ಟು ಬಂದರೆ ಅದರಲ್ಲಿನ ಫೋಟೋ ಯಾರು ನೋಡಿದರೋ, ಎಲ್ಲಿಗೆ ಹೋದವೋ ಎಂಬ ಭಯ ಅವರಿಗೆ. ಅವಳು ಗಳಿಸಿದ್ದು ಈ ಒಂದು ನಂಬಿಕೆ.

'ಹಿನ್ನೆಲೆ' ಎಂಬ ಮಾತು ಮಾತ್ರ ಅವಳಿಗೆ ಬಹಳ ತ್ರಾಸು ಕೊಟ್ಟಿತು. ಒಬ್ಬ ಮುದುಕಿ, "ಹಿನ್ನೆಲಿ ಅಂದ್ರ ಸಿನಿಮಾದಾಗ ಹಾಡಾವ್ರಲ್ಲೇನ ಬೇ? ನಾ ಹಾಡಾ ಕೇಳೂದೇ ಇಲ್ಲ" ಎಂದಳಂತೆ. ಹೀರಾಬಾಯಿ ನನ್ನ ಮೇಲೆ ಸಿಟ್ಟಾದಳು. "ಅಕ್ಕೋರ, ಇಂಥಾ ಕನ್ನಡಾ ಯಾರು ಬರೀತಾರ? ನೀವೇ ಏನು?" ನಾನಲ್ಲ ಎಂದೆ. ಒಂದು ವಾರದ ನಂತರ ಅವಳೇ ಮಾತು ಕಂಡುಹಿಡಿದಿದ್ದಳು.

ನಮ್ಮ ಕಡೆ ಸಂಜೆ ದೇವರ ಮುಂದೆ ದೀಪ ಹಚ್ಚುವ ಮೊದಲು ಹಿತ್ತಲ ಬಾಗಿಲು ಹಾಕುತ್ತಾರೆ. ಮುಂಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವುದು ಅಲ್ಲಿಂದ. ಹಿತ್ತಲದ್ದು ತೆರೆದಿದ್ದರೆ ಬಂದವಳು ಹಾಗೇ ಹೊರಟುಹೋಗುತ್ತಾಳೆ. ಹೀರಾಬಾಯಿ ಹೇಳತೊಡಗಿದಳು: "ದೀಪಾ ಹಚ್ಚೂ ಮುಂದ ಹಿತ್ತಲ ಬಾಗಲಾ ಹಾಕ್ತೀರಿಲ್ರಿ? ಇದೂ ಹಂಗ. ಹಿತ್ತಲ ಬಾಗಲಾ ತೆರದ ಐತಿ, ನಿಮ್ಮ ಚಾರ್ಜ್ ಎಲ್ಲಾ ಅಲ್ಲಿಂದ ಹೊಂಟೈತಿ." ಯಾವ ಹೆಂಗಸಿಗೂ ಎರಡನೆಯ ಸಲ ಹೇಳುವ ಕೆಲಸ ಬೀಳಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒತ್ತುತ್ತಿದ್ದರು.

ಒತ್ತಿಸಿದ ಮೇಲೆ ಒಂದು ಚೀಟಿ ಬರೆದುಕೊಡುತ್ತಿದ್ದಳು, ಗೋಡೆಯ ದಿನದರ್ಶಿಕೆಯ ಹರಿದ ಹಾಳೆಯ ಹಿಂಬದಿಗೆ. ಎಡಕ್ಕೆ 'ಹಿತ್ತಲ', ಬಲಕ್ಕೆ 'ಮುಂಬಾಗಲ'. ಯಾವುದನ್ನು ಮುಚ್ಚಿಸಿದೆ, ಯಾವುದನ್ನು ತೆರೆದೇ ಇಡಬೇಕು ಎಂಬ ಪಟ್ಟಿ. ವಾಟ್ಸಾಪು ಯಾವಾಗಲೂ ಮುಂಬಾಗಿಲಿನ ಕಡೆ, ಯಾಕೆಂದರೆ ಅದನ್ನು ಮುಚ್ಚಿದರೆ ಸಂದೇಶಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಚೀಟಿಯನ್ನು ಮಡಿಸಿ ಕೊಟ್ಟು, ಫೋನಿನ ಕವರಿನ ಹಿಂದೆ ಇಟ್ಟುಕೊಳ್ಳಲು ಹೇಳುತ್ತಿದ್ದಳು.

ಇಷ್ಟು ಕಾಳಜಿಯಿಂದ ಕೆಲಸ ಮಾಡುವವಳು ಊರಿಗೆ ಒಬ್ಬಳಿದ್ದಳು. ಅವಳನ್ನು ಈ ಜನ ಉಳಿಸಿಕೊಳ್ಳಲಿಲ್ಲ.

ಕಳೆದ ಚಳಿಗಾಲದಲ್ಲಿ ಘೋಣಸಗಿಯಿಂದ ಗೌರಾಬಾಯಿ ಎಂಬವರು ಬಂದರು. ಅರವತ್ತರ ಹೆಂಗಸು. ಅವರ ಫೋನಿನ ಚಾರ್ಜು ಬೆಳಿಗ್ಗೆ ತುಂಬಿಸಿದರೆ ಸಂಜೆಗಿರುತ್ತಿರಲಿಲ್ಲ. ಹೀರಾಬಾಯಿ ಹದಿನೊಂದು ಹಿತ್ತಲ ಬಾಗಿಲು ಮುಚ್ಚಿಸಿದಳು, ಚೀಟಿ ಕೊಟ್ಟಳು. ಫೋನು ಒಂದೂವರೆ ದಿನ ನಿಲ್ಲತೊಡಗಿತು. ಗೌರಾಬಾಯಿ ಇಡೀ ಓಣಿಗೆ ಹೇಳಿದರು.

ಅವರ ಮಗಳು ವಿಜಯಲಕ್ಷ್ಮೀ ರಕ್ತ ಪರೀಕ್ಷೆಯ ಕೋರ್ಸು ಮುಗಿಸಿ ಮನೆಯಲ್ಲಿದ್ದಳು. ವಿಜಯಪುರದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿ, ಪರೀಕ್ಷೆ ಬರೆದು, ಆಯ್ಕೆಯ ಪಟ್ಟಿಗೂ ಬಂದಿದ್ದಳು. ಅವಳ ಸ್ವಂತ ಫೋನು ನೀರಿಗೆ ಬಿದ್ದು ಕೆಟ್ಟಿದ್ದರಿಂದ ಅರ್ಜಿಯಲ್ಲಿ ತಾಯಿಯ ನಂಬರು ಕೊಟ್ಟಿದ್ದಳು. ಒಂದು ದಿನ ಆರು ಗಂಟೆಯವರೆಗೂ ಫೋನು ನೋಡಿ, ಆಫೀಸು ಮುಚ್ಚಿತು, ಇನ್ನು ನಾಳೆಯೇ ಎಂದು ರೊಟ್ಟಿ ಬಡಿಯಲು ಕೂತಳು. ಆರೂ ನಲವತ್ತಕ್ಕೆ ಲ್ಯಾಬಿನವರು ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿದರು. ರಾತ್ರಿ ಒಂಬತ್ತರೊಳಗೆ ಒಪ್ಪಿಗೆ ತಿಳಿಸಬೇಕು, ಇಲ್ಲದಿದ್ದರೆ ಪಟ್ಟಿಯ ಮುಂದಿನವರನ್ನು ಕರೆಯುತ್ತೇವೆ ಎಂದು.

ಅವಳು ಅದನ್ನು ನೋಡಿದ್ದು ಮರುದಿನ ಬೆಳಿಗ್ಗೆ. ಕೂಡಲೇ ಒಪ್ಪಿಗೆ ಎಂದು ಬರೆದಳು. ಜಾಗ ತುಂಬಿದೆ ಎಂಬ ಉತ್ತರ ಬಂತು.

ನನ್ನ ಸಿಟ್ಟು ಮೊದಲು ಅಲ್ಲಿಗೇ ಹೋಗುತ್ತದೆ. ಮೂರು ವರ್ಷ ಓದಿದ ಹುಡುಗಿಯ ಕೆಲಸ ಎರಡು ಗಂಟೆ ಇಪ್ಪತ್ತು ನಿಮಿಷದ ಮೇಲೆ ನಿಲ್ಲುತ್ತದೆಯೆ? ಒಂದು ಫೋನು ಹಚ್ಚಿದ್ದರೆ ಆಗುತ್ತಿರಲಿಲ್ಲವೆ? ಡೇಟಾ ಇರಲಿ ಬಿಡಲಿ, ಸಾದಾ ಕರೆ ಬಂದೇ ಬರುತ್ತದೆ. ಲ್ಯಾಬಿನವರನ್ನು ಇದನ್ನು ಯಾರೂ ಕೇಳಲಿಲ್ಲ. ಅದರ ಬದಲು ಬೈಯುವುದಕ್ಕೆ ಜೀಪಿನ ದೂರದಲ್ಲಿ ಒಬ್ಬ ಹೆಂಗಸು ಸಿಕ್ಕಳಲ್ಲ.

ವಿಜಯಲಕ್ಷ್ಮೀಯ ಅಣ್ಣ ಚೇತನಕುಮಾರ ವಿಜಯಪುರದಲ್ಲಿ ಪಗಾರದ ಕೆಲಸದಲ್ಲಿದ್ದಾನೆ. ತಾಯಿಯ ಫೋನಿನಲ್ಲಿ ಯಾರೋ ಏನೋ ಮುಚ್ಚಿದ್ದಾರೆ ಎಂದು ಕೇಳಿದ್ದೇ ಸಾಕಾಯಿತು ಅವನಿಗೆ. ಯಾವುದು ಮುಚ್ಚಿದೆ ಎಂದು ನೋಡುವಷ್ಟು ಪುರಸೊತ್ತು ಇರಲಿಲ್ಲ. ಫೋನನ್ನು ಪೂರ್ತಿ ರೀಸೆಟ್ ಹೊಡೆದ. ಅದರೊಂದಿಗೆ ಹೀರಾಬಾಯಿ ಏನು ಮುಚ್ಚಿಸಿದ್ದಳು, ಏನು ತೆರೆದಿಟ್ಟಿದ್ದಳು ಎಂಬ ಗುರುತೆಲ್ಲ ಅಳಿಸಿಹೋಯಿತು. ಆಮೇಲೆ ಅಂಗಡಿಗೆ ಬಂದ. ನಾನು ಅಲ್ಲೇ ಕೂತಿದ್ದೆ.

"ನಮ್ಮ ತಂಗೀ ನೌಕರಿ ಹೋತು. ನಿಮ್ಮ ಹಿತ್ತಲ ಬಾಗಲದಿಂದ."

"ವಾಟ್ಸಾಪ್ ನಾ ಮುಚ್ಚಿಸಿಲ್ಲಪಾ. ಚೀಟಿ ಬರದು ಕೊಟ್ಟೀನಿ. ತಗದು ನೋಡು."

"ಚೀಟಿ ಗೀಟಿ ಏನಿಲ್ಲ ಅದರಾಗ. ಬಾಯಾರ, ಬರೂದಿಲ್ಲಂದ್ರ ಬಿಡಬೇಕು ಈ ಕೆಲಸಾ. ಮನ್ಯಾಗ ಸಂಡಿಗಿ ಹಪ್ಪಳಾ ಮಾಡ್ರಿ."

"ಅವರು ಒಂದು ಫೋನ್ ಯಾಕ ಹಚ್ಚಲಿಲ್ಲ, ಕೇಳಿದೇನು?"

"ಈಗಿನ ಕಾಲದಾಗ ಯಾರ್‍ರೀ ಫೋನ್ ಹಚ್ಚತಾರ?"

"ನೀ ಬರೂಕಿಂತ ಮೊದಲ ಅರ್ಧಾ ತಾಸಿನ್ಯಾಗ ನನಗ ನಾಕ್ ಮಂದಿ ಹಚ್ಚ್ಯಾರ" ಎಂದಳು ಹೀರಾಬಾಯಿ. ಚಹಾದಂಗಡಿಯಲ್ಲಿ ಯಾರೋ ನಕ್ಕರು. ಆ ನಗೆ ಅವನಿಗೆ ತಡೆಯಲಾಗಲಿಲ್ಲ ಎಂದು ಈಗ ಅನ್ನಿಸುತ್ತದೆ. ಸಂಜೆಯೊಳಗೆ ಗುಂಪಿನಲ್ಲಿ ಬರಹ ಬಂತು.

ಅವನು ಬರೆದದ್ದು ನಾಲ್ಕು ಸಾಲು. ಸೆಟ್ಟಿಂಗ್ ಕೆಡಿಸುತ್ತಾಳೆ, ಹೆಣ್ಣುಮಗಳೊಬ್ಬಳ ನೌಕರಿ ಹೋಯಿತು ಎಂದು. ಅದು ತಿಕೋಟಾದ ಗುಂಪಿಗೆ ಹೋಗುವಷ್ಟರಲ್ಲಿ ಐದನೆಯ ಸಾಲು ಸೇರಿತ್ತು: ಫೋನಿನಲ್ಲಿರುವ ಫೋಟೋಗಳನ್ನೂ ಇಳಿಸಿಕೊಳ್ಳುತ್ತಾಳೆ. ಸೇರಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಬ್ಯಾಟರಿ ಮಾರುವ ಯಾವನೋ ಇರಬೇಕು ಎಂದು ಬಾಯಿಗೆ ಬರುತ್ತದೆ. ಗೊತ್ತಿಲ್ಲದ್ದನ್ನು ಬರೆದರೆ ಅವರಿಗೂ ನನಗೂ ವ್ಯತ್ಯಾಸವಿಲ್ಲ.

ಆ ಐದನೆಯ ಸಾಲು ಸಾಕಾಯಿತು. ಫೋನಿನ ಮುಖವನ್ನು ಒಡತಿಯ ಕಡೆಯಿಂದ ಒಮ್ಮೆಯೂ ತಿರುಗಿಸದವಳ ಬಗ್ಗೆ ಅದನ್ನು ನಂಬಿದರು. ಅವಳೆದುರು ಕೂತು ತಮ್ಮ ಬೆರಳಿನಿಂದಲೇ ಒತ್ತಿದ್ದ ಹೆಂಗಸರೂ ನಂಬಿದರು, ಅಥವಾ ಮನೆಯ ಗಂಡಸರು ನಂಬಿದ್ದರಿಂದ ಬರುವುದನ್ನು ಬಿಟ್ಟರು. ಹೊಸ ವರ್ಷದ ಹೊತ್ತಿಗೆ ದಿನಕ್ಕೆ ಒಬ್ಬರೋ ಇಬ್ಬರೋ, ಅದೂ ಚಾರ್ಜರ್ ಕೇಳಿಕೊಂಡು.

"ಉತ್ತರಾ ಬರಿ. ನಾ ಬರದು ಕೊಡ್ತೀನಿ" ಎಂದು ಗುಂಪಿನಲ್ಲಿ ಬರಹ ಬಂದ ದಿನವೇ ಹೇಳಿದ್ದೆ. ಮೊದಲ ಎರಡು ದಿನ ಬರೆಯೋಣ ಎಂದಳು. ಮೂರನೆಯ ದಿನ ಹೋದಾಗ ಬೇಡ ಎಂದಳು.

"ಯಾಕ?"

"ಬ್ಯಾಡ್ರಿ ಅಕ್ಕೋರ. ತಪ್ಪು ನಂದೂ ಐತಿ."

"ಏನು ತಪ್ಪು?"

"ಮಾತಿಂದು."

ನಾನು ಜಗಳ ಮಾಡಿದೆ. ಹೇಡಿ ಎಂದೆ. ಹದಿನಾಲ್ಕು ವರ್ಷದಲ್ಲಿ ಅವಳಿಗೆ ನಾನು ಆಡಿದ ಅತ್ಯಂತ ಕೆಟ್ಟ ಮಾತು ಅದು. ಭೂತಗನ್ನಡಿ ಕಣ್ಣಿಗಿಟ್ಟುಕೊಂಡು, ಎದುರಿಗೆ ಯಾವ ಫೋನೂ ಇರದಿದ್ದರೂ, ತಲೆ ಬಗ್ಗಿಸಿ ಕೂತಳು.

ಆ ಬರಹವೇ ಅವಳನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಜ್ವರ ಬಂತು, ಪುಪ್ಪುಸಕ್ಕೆ ಇಳಿಯಿತು, ವಿಜಯಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಐವತ್ತೆರಡು ವರ್ಷ. ಅವಳ ಹೆಸರು ಆ ಬರಹದಡಿಯಲ್ಲಿ ಬಿದ್ದಿದ್ದಾಗಲೇ ಹೋದಳು, ಅದು ಮಾತ್ರ ನಿಜ. ಮಣ್ಣಿಗೆ ಬಂದವರಲ್ಲಿ ಹೆಂಗಸರು ಹೆಚ್ಚು. ಒಬ್ಬಳು ನನ್ನ ಕೈ ಹಿಡಿದು, "ಭಾಳ ಛಲೋ ಹೆಣ್ಮಗಳರಿ" ಎಂದಳು. ನಿನ್ನ ಫೋನು ಈಗ ಯಾರ ಹತ್ತಿರ ಒಯ್ಯುತ್ತೀ ಎಂದು ಕೇಳಿದೆ. ಕೈ ಬಿಟ್ಟಳು.

ಮೂರು ವಾರದ ಮೇಲೆ ಅವಳ ಅಂಗಡಿ ತೆಗೆದೆ. ರಿಪೇರಿಗೆ ಬಂದು ಉಳಿದಿದ್ದ ಐದು ಫೋನುಗಳನ್ನು ಅವರವರಿಗೆ ಮುಟ್ಟಿಸಬೇಕಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲಿ ಕುಂಕುಮದ ಭರಣಿ, ಅರಿವೆಯಲ್ಲಿ ಸುತ್ತಿದ್ದು.

"ನಾ ಘೋಣಸಗಿ ಗೌರಾಬಾಯಿ ಅಂತ್ರಿ. ಚೇತನಕುಮಾರನ ತಾಯಿ."

ಕೂಡ್ರಿ ಎನ್ನಲಿಲ್ಲ ನಾನು. ಅವರು ನಿಂತೇ ಭರಣಿಯ ಮುಚ್ಚಳ ತೆಗೆದರು. ಅದರಲ್ಲಿ ಕುಂಕುಮ ಹತ್ತಿ ಕೆಂಪಾದ, ಮಡಿಸಿದ ಚೀಟಿ. ಹೀರಾಬಾಯಿಯ ಅಕ್ಷರ. ಎಡಕ್ಕೆ ಹದಿನೊಂದು ಹೆಸರು. ಬಲಕ್ಕೆ, 'ಮುಂಬಾಗಲ'ದ ಕೆಳಗೆ, ಮೊದಲನೆಯದೇ ವಾಟ್ಸಾಪು. ಪಕ್ಕದಲ್ಲಿ 'ಹಾಕಬಾರದು' ಎಂದು ಬರೆದು ಎರಡು ಗೆರೆ ಎಳೆದಿದ್ದಳು.

"ಇದು ನಿಮ್ಮ ಹತ್ರ ಹೆಂಗ?"

"ಲಕ್ಷ್ಮೀ ಚೀಟಿ ಅಂತ ದೇವರ ಮುಂದ ಇಟ್ಟಿದ್ದೆರಿ. ನನಗ ಓದಾಕ ಬರೂದಿಲ್ಲ." ಭರಣಿಗೆ ಮುಚ್ಚಳ ಹಾಕಿದರು. "ಹೀರಾಬಾಯಿ ಅಂದ್ಲು, ದೀಪಾ ಹಚ್ಚೂ ಮುಂದ ಹಿತ್ತಲ ಬಾಗಲಾ ಹಾಕ್ತೀರಲ್ಲ, ಹಂಗ ಅಂತ. ಬಾಗಲಾ ಒಮ್ಮೆ ಹಾಕಿ ಬಿಡ್ತೀವೇನ್ರಿ? ದಿನಾ ಹಾಕ್ತೀವಿ, ಮುಂಜಾನಿ ತೆಗೀತೀವಿ. ಅದಕ್ಕ ನಾನೂ ದಿನಾ ಹಾಕ್ತಿದ್ದೆ."

"ಏನು ಹಾಕ್ತಿದ್ರಿ?"

ತಮ್ಮ ಫೋನು ತೆಗೆದು, ಮೇಲಿನಿಂದ ಪರದೆ ಎಳೆದು, ಎರಡು ಬಾಣಗಳಿರುವ ಗುಂಡಿ ತೋರಿಸಿದರು. ಇಡೀ ಫೋನಿನ ಡೇಟಾ. ಒಂದು ಬಾಣ ಮೇಲಕ್ಕೆ, ಒಂದು ಕೆಳಕ್ಕೆ. ಹೋಗೂದು ಬರೂದು ಅಂದರೆ ಬಾಗಿಲೇ ಇರಬೇಕು ಎಂದುಕೊಂಡಿದ್ದರಂತೆ. ಸಂಜೆ ಆರೂವರೆಗೆ ಅದನ್ನು ಒತ್ತಿ ದೀಪ ಹಚ್ಚುತ್ತಿದ್ದರು, ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ತೆರೆಯುತ್ತಿದ್ದರು. ಲ್ಯಾಬಿನ ಸಂದೇಶ ಬಂದ ಸಂಜೆಯೂ ಹಾಗೇ ಮಾಡಿದ್ದರು.

"ಹೀರಾಬಾಯಿಗೆ ಗೊತ್ತಿತ್ತೇನ್ರಿ ಇದು?"

"ಚೇತನ್ ಇಲ್ಲಿ ಬಂದು ಒದರ್‍ಯಾಡಿ ಹೋದ್ನಲ್ರಿ, ಅದರ ಮೂರನೇ ದಿನಾ ನಾನೇ ಬಂದು ಹೇಳೀನಿ. ಈ ಕಟ್ಟೀ ಮ್ಯಾಲ ಕೂತು ಅತ್ತೀನಿ. ಆಕಿ ಅಂದ್ಲು, ಮಾತು ನಂದು ಯವ್ವಾ, ನಾ ಹೇಳಿದಂಗ ನೀ ಮಾಡೀ. ಮಗಳಿಗೆ ಹೇಳಬ್ಯಾಡ, ಜಲಮ ಪೂರಾ ನಿನ್ನ ಮಾರಿ ನೋಡೂದಿಲ್ಲ ಆಕಿ, ಅಂದ್ಲು. ನಾ ಸುಮ್ನಾದೆ. ನನಗ ಅದ ಬೇಕಾಗಿತ್ತು."

ನನಗೆ ಅವರ ಮೇಲೆ ಬಂದ ಸಿಟ್ಟನ್ನು ಇಲ್ಲಿ ಕಡಿಮೆ ಮಾಡಿ ಬರೆಯುವುದಿಲ್ಲ. ಐದು ತಿಂಗಳು. ಒಂದು ಮಾತು ಆಡಿದ್ದರೆ ಹೀರಾಬಾಯಿ ತನ್ನ ಹೆಸರಿನೊಂದಿಗೆ ಹೋಗುತ್ತಿದ್ದಳು. ಹೀರಾಬಾಯಿಯ ಮೇಲೂ ಸಿಟ್ಟು ಬಂತು. ಹೇಡಿ ಎಂದಾಗಲೂ ನನಗೆ ಹೇಳಲಿಲ್ಲ. ನಾನು ಬರೆದುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

"ಈಗ್ಯಾಕ ಬಂದೀರಿ?" ಎಂದೆ.

"ಮಗಳಿಗೆ ನಿನ್ನೆ ಹೇಳಿದೆ. ಹಿತ್ತಲ ಬಾಗಲಾ ಹಾಕಾಕ ಹ್ವಾದೆರಿ, ಕೈ ಏಳಲಿಲ್ಲ. ಹಂಗ ನಿಂತು ಹೇಳಿದೆ. ಆಕಿ ಉಣ್ಣಲಿಲ್ಲ. ಮುಂಜಾನಿ ಎದ್ದು, ಆ ಬಾಯಾರ ಮನಿಗಿ ಹೋಗಿ ಹೇಳು ಅಂದ್ಲು. ಮನಿ ಕೀಲಿ ಹಾಕೇತಿ. ಅದಕ್ಕ ಇಲ್ಲಿಗಿ ಬಂದೀನ್ರಿ." ಆಮೇಲೆ ಅಂದರು: "ನೀವು ಬರೀತೀರಂತಲ್ರಿ. ನನ್ನ ಹೆಸರು ಹಾಕಿ ಬರೀರಿ."

ಬರೆಯುತ್ತೇನೆ ಎಂದೆ. ಆದರೆ ಗುಂಪಿನಲ್ಲಿರುವ ಸುಳ್ಳಿಗೆ ಉತ್ತರ ಗುಂಪಿನಲ್ಲೇ ಆಗಬೇಕು, ನೀವೇ ಹೇಳಬೇಕು ಎಂದೆ. ಚೇತನಕುಮಾರ ಒಪ್ಪಲಿಲ್ಲವಂತೆ. "ಸತ್ತವರ ಸುದ್ದಿ ಈಗ್ಯಾಕಬೇ? ಮಂದಿ ಮರತಾರ" ಎಂದನಂತೆ. ಮರೆತಿದ್ದಾರೆಯೆ? ಬಾಂಡೆ ಅಂಗಡಿಯವರನ್ನು ಕೇಳಿದರೆ ಇವತ್ತಿಗೂ, "ಅದರೀ, ಫೋಟೋ ತಗೋತಿದ್ಲಲ್ಲ, ಆಕಿ ಅಂಗಡಿ" ಎನ್ನುತ್ತಾರೆ.

ಆದರೂ ವಿಜಯಲಕ್ಷ್ಮೀ ತಾಯಿಯ ಎದುರು ಫೋನು ಹಿಡಿದಳು. ಗೌರಾಬಾಯಿ ತಮ್ಮ ಬೆರಳಿನಿಂದಲೇ ಒತ್ತಿ ಮಾತಾಡಿದರು. ಐವತ್ತು ಸೆಕೆಂಡಿನ ಧ್ವನಿ ಗುಂಪಿಗೆ ಹೋಯಿತು. ಅದು ನನ್ನ ಫೋನಿನಲ್ಲೂ ಇದೆ.

"ನಾ ಘೋಣಸಗಿ ಗೌರಾಬಾಯಿ. ನನ್ನ ಮಗಳ ನೌಕರಿ ಹೋಗಿದ್ದು ನನ್ನ ಕೈಲೆ. ನಾ ಡೇಟಾ ಬಂದ್ ಮಾಡಿದ್ದೆ. ಹೀರಾಬಾಯಿ ಮಾಡಿಲ್ಲ. ಫೋಟೋ ತಗೋತಾಳ ಅಂತ ಬರದೀರಿ. ನಾ ಆಕೀ ಮುಂದ ಎರಡು ತಾಸು ಕೂತೀನಿ, ಆಕಿ ನನ್ನ ಫೋನ್ ಒಂದ್ ಸಲಾನೂ ಕೈಯಾಗ ಹಿಡದಿಲ್ಲ. ನನ್ನ ಮಗಾ ಬರದದ್ದು ಸುಳ್ಳ. ಅದಕ್ಕ ನೀವು ಸೇರಿಸಿದ್ದೂ ಸುಳ್ಳ. ಆಕಿಗೆ ಕೈ ಮುಗಿದ ಚಿತ್ರಾ ಹಾಕೀರಿ, ಈಗ ತಪ್ಪಾತು ಅಂತೂ ಹಾಕ್ರಿ."

ಮರುದಿನ ವಿಜಯಲಕ್ಷ್ಮೀ ಅಂಗಡಿಗೆ ಬಂದು, ಆ ಧ್ವನಿಯನ್ನು ಕೇಳಿದವರ ಹೆಸರಿನ ಪಟ್ಟಿ ತೆರೆದು ನನ್ನೆದುರು ಹಿಡಿದಳು. ನೂರಾ ಎಪ್ಪತ್ತು ಜನ ಕೇಳಿದ್ದಾರೆ. ಎಂಬತ್ತಾರರಲ್ಲಿ ಬಹುತೇಕ ಎಲ್ಲರೂ ಇದ್ದಾರೆ. ತಪ್ಪಾತು ಎಂದು ಒಬ್ಬರೂ ಬರೆದಿಲ್ಲ. ಹಳೆಯ ಬರಹವೂ ಹೋಗಿಲ್ಲ.

ಕೆಳಗೆ ಒಂದೇ ಒಂದು ಉತ್ತರವಿತ್ತು, ಅರಕೇರಿ ಕಡೆಯ ಯಾರದೋ ನಂಬರಿನಿಂದ:

"ಹಂಗಾದ್ರ ಆ ಬಾಯಾರ ಅಂಗಡಿ ಯಾವಾಗ ತೆಗೀತದ್ರಿ? ನಮ್ಮ ಅವ್ವನ ಫೋನಿನ ಬ್ಯಾಟರಿ ನಿಲ್ಲವಲ್ದು."